ಹತ್ತು ಹೆಸರು, ಒಂದೇ ಅರ್ಜಿ

ನಾನಿರುವ ಅಮೆರಿಕದಲ್ಲಿ ವಾರಕ್ಕೆ 40 ತಾಸಿನ ಮೇಲೆ ದುಡಿದರೆ ಒಂದೂವರೆ ಪಟ್ಟು ಪಗಾರ. 1938ರ ಕಾಯಿದೆ ಅದು. ನಮ್ಮ ಕಡೆ 48 ತಾಸಿನ ಮೇಲೆ ಎರಡು ಪಟ್ಟು. ದರ ನಮ್ಮದೇ ಹೆಚ್ಚು. ಆದರೂ ಕಾರವಾರದ ಐಸ್ ಫ್ಯಾಕ್ಟರಿಯಲ್ಲೋ ಗೋಕರ್ಣದ ರೆಸಾರ್ಟಿನಲ್ಲೋ ಆ ಹಣ ಕೈಗೆ ಸಿಕ್ಕವರನ್ನು ಹುಡುಕಬೇಕು.

15,600 ರೂಪಾಯಿ ಪಗಾರದ ಅಡುಗೆಯವನ ಲೆಕ್ಕ ಹಾಕಿ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 600, ತಾಸಿಗೆ 75. ಬೆಳಿಗ್ಗೆ 8ರಿಂದ ರಾತ್ರಿ 8, ಊಟದ ತಾಸು ಕಳೆದರೆ 11. ಆರು ದಿನಕ್ಕೆ 66. ಹೆಚ್ಚುವರಿ 18 ತಾಸಿಗೆ 150ರಂತೆ ವಾರಕ್ಕೆ 2,700. ಹದಿನಾರು ವಾರದ ಸೀಸನ್ನಿಗೆ 43,200. ಇಷ್ಟಕ್ಕೆ ಒಬ್ಬನೇ ವಕೀಲರ ಬಳಿ ಹೋಗುವುದಿಲ್ಲ. ಹತ್ತು ಜನರದ್ದು ಸೇರಿದರೆ 4,32,000.

ಅಮೆರಿಕದಲ್ಲಿ ಒಬ್ಬ ದಾವೆ ಹೂಡಿದರೆ ಅದೇ ಕೆಲಸದ ಉಳಿದವರು ಲಿಖಿತ ಒಪ್ಪಿಗೆ ಕೊಟ್ಟು ಸೇರಿಕೊಳ್ಳುತ್ತಾರೆ. ಗೆದ್ದರೆ ಸಾಮಾನ್ಯವಾಗಿ ಬಾಕಿಯಷ್ಟೇ ಮೊತ್ತ ಇನ್ನೊಮ್ಮೆ. ವಕೀಲರ ಫೀಯೂ ಮಾಲೀಕನ ತಲೆಗೆ. ತಡ ಮಾಡಿದವನಿಗೆ ನಷ್ಟ: ಅವನ ಒಪ್ಪಿಗೆ ಕೋರ್ಟಿಗೆ ತಲುಪಿದ ದಿನದಿಂದ ಹಿಂದಿನ ಎರಡು ವರ್ಷವಷ್ಟೇ ಲೆಕ್ಕಕ್ಕೆ, ಮಾಲೀಕ ಗೊತ್ತಿದ್ದೇ ತಪ್ಪಿಸಿದ್ದರೆ ಮೂರು. ನೇಮಕದ ಕರಾರಿನಲ್ಲೇ, ತಕರಾರನ್ನು ಕೋರ್ಟಿನ ಬದಲು ಮಧ್ಯಸ್ಥಗಾರನ ಮುಂದೆ ಒಬ್ಬೊಬ್ಬರಾಗಿಯೇ ತರಬೇಕು, ಗುಂಪಾಗಿ ಅಲ್ಲ ಎಂಬ ಷರತ್ತು ಹಾಕುವುದೂ ಉಂಟು. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ನಮ್ಮಲ್ಲೂ ಗುಂಪಿನ ದಾರಿ ಇದೆ. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯ 45ನೇ ಕಲಮಿನಂತೆ ಒಂದು ಸಂಸ್ಥೆಯ ಎಷ್ಟು ಜನರ ಪರವಾಗಿಯೂ ಒಂದೇ ಅರ್ಜಿ ಸಾಕು. ಅರ್ಜಿ ಹಾಕಲು ಅವಧಿ ಮೂರು ವರ್ಷ. ಅರ್ಜಿ ಕೇಳುವ ಅಧಿಕಾರಿ ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದು. ನೋಂದಾಯಿತ ಸಂಘ ತನ್ನ ಸದಸ್ಯರ ಪರ ಅರ್ಜಿ ಹಾಕಬಹುದು. “ನಾಳೆಯಿಂದ ಬರಬೇಡ” ಎಂಬ ಮಾತಿಗೆ ಹೆದರುವವರಿಗೆ ನಾನು ಹೇಳುವ ದಾರಿ ಇದು.

ಹಣ ಕೊಟ್ಟಿದ್ದೇನೆಂದು ಸಾಬೀತು ಮಾಡಬೇಕಾದವನು ಮಾಲೀಕ. ಆದರೆ ಎಷ್ಟು ತಾಸು ದುಡಿದೆವು ಎಂಬಲ್ಲೇ ನಮ್ಮವರು ಸೋಲುತ್ತಾರೆ. ಹಾಜರಿ ಪುಸ್ತಕದಲ್ಲಿ ಬರೀ ‘ಪಿ’ ಇದ್ದರೆ ಬಂದ ಹೊತ್ತು, ಹೋದ ಹೊತ್ತು ಯಾರಿಗೂ ಕಾಣುವುದಿಲ್ಲ. ನೂರು ಪುಟದ ನೋಟ್‌ಬುಕ್ಕಿನಲ್ಲಿ ತಾರೀಕು, ಬಂದದ್ದು, ಬಿಡುವು, ಹೋದದ್ದು ಅಂದಂದೇ ಬರೆಯಿರಿ. ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ ತುಂಬಿಸಿದ ಪುಟವನ್ನು ಯಾರೂ ನಂಬುವುದಿಲ್ಲ. “ಗೆಸ್ಟ್ ಹೊರಡೋವರೆಗೆ ಇರು” ಎಂಬ ವಾಟ್ಸಾಪ್ ಮೆಸೇಜನ್ನು ಅಳಿಸಬೇಡಿ. ಶಿರಸಿಯ ಅಡಿಕೆ ವಖಾರಿಯಲ್ಲಿ ಕೇಜಿ ಲೆಕ್ಕದಲ್ಲಿ ದುಡಿಯುವವರು ತೂಕದ ಜೊತೆ ತಾಸನ್ನೂ ಬರೆಯಬೇಕು.

ಖಾಲಿ ವೋಚರಿಗೆ ಸಹಿ ಬೇಡವೇ ಬೇಡ. “ಎಲ್ಲ ಬಾಕಿ ಮುಟ್ಟಿದೆ” ಎಂಬ ಸಾಲು ಆಮೇಲೆ ಅದರಲ್ಲಿ ಬಂದು ಕೂರುತ್ತದೆ. ಗುತ್ತಿಗೆದಾರ ಕೈಯೆತ್ತಿದರೆ ಅದೇ ವೇತನ ಸಂಹಿತೆಯ 43ನೇ ಕಲಮಿನಂತೆ ಮೂಲ ಸಂಸ್ಥೆಯೇ ಹೊಣೆ. ಅರ್ಜಿಯಲ್ಲಿ ಇಬ್ಬರ ಹೆಸರನ್ನೂ ಬರೆಸಿ.