ಹಳದಿ ದೀಪದ ಮೂರು ಸೆಕೆಂಡ್

ಹತ್ತು ವರ್ಷ ಬೆಂಗಳೂರಿನಲ್ಲಿ ಕಾರು ಓಡಿಸಿದವನು ನಾನು. ಆದರೂ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾದೆ. ಅದೂ ಒಂದು ಹಳದಿ ದೀಪಕ್ಕೆ.

ಟೆಸ್ಟ್ ಸುಮಾರು 40 ನಿಮಿಷದ್ದು. ಮುಕ್ಕಾಲು ಪಾಲು ಚೆನ್ನಾಗೇ ಹೋಗಿತ್ತು. ರಿವರ್ಸ್ ಪಾರ್ಕಿಂಗ್ ಆಗಿತ್ತು, ರೌಂಡಬೌಟ್ ಆಗಿತ್ತು. ವಾಪಸ್ ಬರುವಾಗ ದೂರದಲ್ಲಿ ಹಸಿರು ದೀಪ ಕಾಣಿಸಿತು. ಹತ್ತಿರ ಬರುತ್ತಿದ್ದ ಹಾಗೇ ಹಳದಿ ಬಿತ್ತು. ನನ್ನ ಕಾಲು ತಾನಾಗೇ ಆಕ್ಸಿಲರೇಟರ್ ಒತ್ತಿತು. ಕೆಂಪು ಬೀಳುವ ಮೊದಲೇ ದಾಟಿಯೂ ಆಗಿತ್ತು. ಪಕ್ಕದಲ್ಲಿದ್ದ ಪರೀಕ್ಷಕಿ ಮಾತಾಡಲಿಲ್ಲ. ಕೈಯಲ್ಲಿದ್ದ ಟ್ಯಾಬ್ಲೆಟ್ ಮೇಲೆ ಒಮ್ಮೆ ಬೆರಳಿಟ್ಟರು, ಅಷ್ಟೇ.

ಸೆಂಟರಿಗೆ ಬಂದು ಕಾರು ನಿಲ್ಲಿಸಿದ ಮೇಲೆ ಕೇಳಿದರು: "ನಿಲ್ಲೋಕೆ ನಿಮಗೆ ಬೇಕಾದಷ್ಟು ಜಾಗ ಇತ್ತು. ಯಾಕೆ ನಿಲ್ಲಲಿಲ್ಲ?"

ಇಲ್ಲಿ ಸಣ್ಣ ತಪ್ಪು 15ರವರೆಗೆ ಮಾಡಿದರೂ ಪಾಸ್. ಗಂಭೀರ ತಪ್ಪು ಒಂದಾದರೂ ಫೇಲ್. ನನ್ನದು ಗಂಭೀರ ತಪ್ಪು.

ಯಾಕೆ ನಿಲ್ಲಲಿಲ್ಲ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಅವರ ಮುಂದೆ ಹೇಳೋಕೆ ಬಾಯಿ ಬರಲಿಲ್ಲ. ನನಗೆ ಕಾರು ಕಲಿಸಿದವರು ಮೊದಲ ದಿನವೇ ಹೇಳಿದ್ದರು: "ಯೆಲ್ಲೋ ಬಿದ್ರೆ ಎಳ್ಕೊಂಡ್ ಹೋಗ್ಬಿಡಿ ಸಾರ್. ಬ್ರೇಕ್ ಹಾಕಿದ್ರೆ ಹಿಂದಿನವ್ನು ಬಂದು ಗುದ್ದುತ್ತಾನೆ." ಕ್ಲಚ್, ಗೇರು, ರಿವರ್ಸ್, ಮೈದಾನದಲ್ಲಿ ಎಂಟು ಹಾಕುವುದು, ಎಲ್ಲ ಕಲಿಸಿದರು. ದೀಪದ ಬಗ್ಗೆ ಹೇಳಿದ್ದು ಮಾತ್ರ ಈ ಒಂದೇ ಮಾತು. ಹತ್ತು ವರ್ಷ ಅದನ್ನೇ ಪಾಲಿಸಿಕೊಂಡು ಬಂದೆ.

ಇಲ್ಲಿ ಭಾರತದ ಲೈಸೆನ್ಸಿನಲ್ಲಿ 12 ತಿಂಗಳು ಓಡಿಸಬಹುದು. ಆಮೇಲೆ ಹೊಸಬರ ಹಾಗೆ ಮೊದಲಿನಿಂದ ಶುರು. ಥಿಯರಿ ಪರೀಕ್ಷೆಯಲ್ಲಿ 50 ಪ್ರಶ್ನೆ, 43 ಸರಿ ಇರಬೇಕು. ನನ್ನದು 48 ಸರಿಯಾಗಿತ್ತು. ಹಳದಿ ದೀಪದ ಪ್ರಶ್ನೆಯೂ ಬಂದಿತ್ತು, ಅದಕ್ಕೂ ಸರಿಯಾಗೇ ಉತ್ತರಿಸಿದ್ದೆ. ತಲೆಗೆ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ.

ಇಲ್ಲಿನ ಸಿಗ್ನಲ್ಲಿಗೆ ನಾಲ್ಕು ಮುಖ. ಕೆಂಪು, ಆಮೇಲೆ ಕೆಂಪು ಹಳದಿ ಎರಡೂ ಒಟ್ಟಿಗೆ, ಆಮೇಲೆ ಹಸಿರು, ಆಮೇಲೆ ಬರೀ ಹಳದಿ. ಇಲ್ಲಿನ ರಸ್ತೆ ನಿಯಮದ ಪುಸ್ತಕ ಹೈವೇ ಕೋಡ್ ಓದಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಕೆಂಪು ಅಂದರೆ ನಿಲ್ಲು. ಕೆಂಪು ಹಳದಿ ಒಟ್ಟಿಗಿದ್ದರೂ ನಿಲ್ಲು. ಬರೀ ಹಳದಿ ಅಂದರೂ ನಿಲ್ಲು. ಹಳದಿ ಬೀಳುವಾಗ ಗೆರೆ ದಾಟಿಬಿಟ್ಟಿದ್ದರೆ, ಅಥವಾ ನಿಲ್ಲಿಸಿದರೆ ಅಪಘಾತ ಆಗುವಷ್ಟು ಹತ್ತಿರ ಬಂದಿದ್ದರೆ ಮಾತ್ರ ಮುಂದೆ ಹೋಗಬಹುದು. ಇನ್ನು ಹಸಿರು? ಅದೂ 'ಹೋಗು' ಅನ್ನುವುದಿಲ್ಲ. 'ದಾರಿ ಖಾಲಿ ಇದ್ದರೆ ಹೋಗಬಹುದು' ಅನ್ನುತ್ತದೆ. ನಾಲ್ಕರಲ್ಲಿ ಮೂರು ನಿಲ್ಲು ಅಂದರೆ, ಉಳಿದ ಒಂದೂ ಷರತ್ತು ಹಾಕಿಯೇ ಬಿಡುತ್ತದೆ.

ನಮ್ಮಲ್ಲಿ ಲೆಕ್ಕ ತಿರುಗುಮುರುಗು ಅಲ್ವಾ? ಹಸಿರು ಅಂದರೆ ಹೋಗು, ಹಳದಿ ಅಂದರೆ ಬೇಗ ಹೋಗು, ಕೆಂಪು ಈಗಷ್ಟೇ ಬಿದ್ದಿದ್ದರೆ ಅದೂ ಹೋಗು. ಕೆಂಪಿನ ಕೊನೆಯ ಸೆಕೆಂಡುಗಳೂ ನಮಗೆ ಹಸಿರೇ. ಬೆಂಗಳೂರಿನ ಸೌತ್ ಎಂಡ್ ಸರ್ಕಲ್ ಕಡೆ ಸಿಗ್ನಲ್ಲಿನಲ್ಲಿ ನಿಂತು ನೋಡಿ. ಟೈಮರ್ ಐದಕ್ಕೆ ಇಳಿದಾಗ ಇಂಜಿನ್‌ಗಳು ಸ್ಟಾರ್ಟ್ ಆಗುತ್ತವೆ. ಮೂರಕ್ಕೆ ಮುಂದಿನ ಸಾಲಿನ ಬೈಕುಗಳು ಹೊರಟಿರುತ್ತವೆ. ಸೊನ್ನೆ ಆಗುವಷ್ಟರಲ್ಲಿ ಅರ್ಧ ಸರ್ಕಲ್ ದಾಟಿರುತ್ತಾರೆ. ಅದೇ ಹೊತ್ತಿಗೆ ಆ ಕಡೆಯಿಂದ ಹಳದಿಯಲ್ಲಿ ಎಳ್ಕೊಂಡ್ ಬಂದವರು ನಡುವೆ ಸಿಕ್ಕಿರುತ್ತಾರೆ.

ಫೇಲಾದ ದಿನ ರಾತ್ರಿ ಹಾಸನಕ್ಕೆ ಫೋನ್ ಮಾಡಿದೆ. ನಮ್ಮಪ್ಪ ಕೆಎಸ್ಸಾರ್ಟಿಸಿ ಡ್ರೈವರ್ ಆಗಿ ರಿಟೈರ್ ಆದವರು. ಅಯ್ಯೋ ಪಾಪ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ.

"ಹಳ್ದಿ ಬಿದ್ದಾಗ ಗೆರೆ ಎಷ್ಟು ದೂರ ಇತ್ತು?"

"ಮೂವತ್ತು ಮೀಟರ್ ಇರಬಹುದು ಅಪ್ಪಾ."

"ಹಂಗಾದ್ರೆ ನಿಂತ್ಕೋಬೇಕಿತ್ತು. ನಾನು ಹಳ್ದಿಗೆ ಯಾವತ್ತೂ ಜೋರು ಮಾಡ್ತಿರಲಿಲ್ಲ ಕಣೋ. ಅಷ್ಟು ಹೊತ್ತಿಗೆ ಅಡ್ಡ ಯಾರಾದ್ರೂ ಬಂದ್ರೆ ಗಟ್ಟಿ ಬ್ರೇಕ್ ಹಾಕ್ಬೇಕಾಗುತ್ತೆ. ಬಸ್ಸಲ್ಲಿ ನಿಂತಿರೋ ಅಜ್ಜಿ ಮುಗ್ಗರಿಸಿ ಬೀಳ್ತಾಳೆ."

ಮೂವತ್ತು ವರ್ಷ ಅಪ್ಪ ಬಸ್ ಓಡಿಸಿದ್ದು ಆ ಅಜ್ಜಿಯನ್ನು ನೆನಪಿನಲ್ಲಿ ಇಟ್ಟುಕೊಂಡು. ನಾನು ಅವರ ಮಗ, ಅವರನ್ನು ಒಂದು ಮಾತು ಕೇಳಲಿಲ್ಲ. ಡ್ರೈವಿಂಗ್ ಸ್ಕೂಲಿಗೆ ದುಡ್ಡು ಕಟ್ಟಿ 'ಎಳ್ಕೊಂಡ್ ಹೋಗಿ' ಅನ್ನುವುದನ್ನು ಕಲಿತೆ.

ಮರುವಾರ ಮತ್ತೆ ಕ್ಲಾಸಿಗೆ ಹೋದೆ. ಇಲ್ಲಿ ನನಗೆ ಕಲಿಸುತ್ತಿದ್ದವರು ಪಂಜಾಬಿ, ಅರವತ್ತರ ಹತ್ತಿರದವರು. ಒಂದು ಸಿಗ್ನಲ್ ಹತ್ತಿರ ಪಕ್ಕದ ರಸ್ತೆಯಲ್ಲಿ ಕಾರು ನಿಲ್ಲಿಸಿ, ಇಳಿಸಿ, ನನ್ನನ್ನು ಫುಟ್‌ಪಾತ್ ಮೇಲೆ ನಡೆಸಿಕೊಂಡು ಹೋದರು. ನಿಲ್ಲುವ ಗೆರೆಯಿಂದ ಹೆಜ್ಜೆ ಎಣಿಸುತ್ತಾ ಹಿಂದಕ್ಕೆ ಬಂದು ಒಂದು ಲೈಟುಕಂಬದ ಹತ್ತಿರ ನಿಂತರು. "ಇಲ್ಲಿಗೆ 23 ಮೀಟರ್. ಗಂಟೆಗೆ 30 ಮೈಲಿ ಬರುತ್ತಿದ್ದರೆ ಪೂರ್ತಿ ನಿಲ್ಲೋಕೆ ಇಷ್ಟು ಬೇಕು. ಆರು ಕಾರಿನ ಉದ್ದ." ಆಮೇಲೆ ಲೆಕ್ಕ ಬಿಡಿಸಿ ಹೇಳಿದರು. ಹಳದಿ ಉರಿಯುವುದು ಮೂರು ಸೆಕೆಂಡ್. ಆ ವೇಗದಲ್ಲಿ ಮೂರು ಸೆಕೆಂಡಿಗೆ ಸುಮಾರು 40 ಮೀಟರ್ ಹೋಗುತ್ತೀಯ. ಕಂಬ ದಾಟಿದ ಮೇಲೆ ಹಳದಿ ಬಿದ್ದರೆ, ಎರಡು ಸೆಕೆಂಡೂ ಬೇಡ, ಗೆರೆ ದಾಟಿರುತ್ತೀಯ. ಕಂಬಕ್ಕೆ ಮುಂಚೆ ಬಿದ್ದರೆ ಆರಾಮಾಗಿ ನಿಲ್ಲುತ್ತೀಯ. ಆಕ್ಸಿಲರೇಟರ್ ಒತ್ತುವ ಅಗತ್ಯ ಎಲ್ಲಿದೆ?

ಎಲ್ಲೂ ಇಲ್ಲ. ಇಷ್ಟು ಸರಳ ಲೆಕ್ಕವನ್ನು ಹತ್ತು ವರ್ಷದಲ್ಲಿ ಯಾರೂ ನನಗೆ ಹೇಳಿರಲಿಲ್ಲ ಅನ್ನುವುದು ಈಗಲೂ ನೋವಿನ ವಿಷಯವೇ.

ಇನ್ನೊಂದು ಪಾಠವನ್ನೂ ಅವರೇ ಕಲಿಸಿದರು. ದೂರದಿಂದಲೇ ಹಸಿರು ಕಾಣುತ್ತಾ ಇದ್ದರೆ ಖುಷಿಪಡಬೇಡ, ಅದು ಎಷ್ಟು ಹೊತ್ತಿನಿಂದ ಉರಿಯುತ್ತಿದೆಯೋ ಗೊತ್ತಿಲ್ಲ ಅಂತ. ನಾನು ಅದಕ್ಕೆ ಹಳಸಿದ ಹಸಿರು ಅಂತ ಹೆಸರಿಟ್ಟುಕೊಂಡೆ. ಮಧ್ಯಾಹ್ನದ ಅನ್ನ ಸಂಜೆಗೆ ಮೂಸಿ ನೋಡುವ ಹಾಗೆ, ಆ ಹಸಿರನ್ನೂ ಒಂದು ಸಲ ಅನುಮಾನದಿಂದ ನೋಡಬೇಕು. ಕಾಲು ಆಗಲೇ ಆಕ್ಸಿಲರೇಟರಿನಿಂದ ಮೇಲೇಳಬೇಕು. ಇಲ್ಲಿ ಗಾಡಿಗಳಿಗೆ ಎಣಿಸಿ ತೋರಿಸುವ ಟೈಮರ್ ಇಲ್ಲ, ಹಾಗಾಗಿ ಈ ಅನುಮಾನವೇ ಟೈಮರ್.

ಎರಡನೇ ಸಲ ಪಾಸಾದೆ.

ಆ ವರ್ಷ ದೀಪಾವಳಿಗೆ ಊರಿಗೆ ಬಂದಿದ್ದೆ. ಜಯನಗರದಲ್ಲಿ ಭಾವನ ಕಾರು ಓಡಿಸುತ್ತಿದ್ದೆ, ಹಿಂದಿನ ಸೀಟಿನಲ್ಲಿ ಹೆಂಡತಿ, ಮಗ. ಹಳದಿ ಬಿತ್ತು, ಜಾಗ ಇತ್ತು, ನಿಂತೆ. ಹಿಂದೆ ಬರುತ್ತಿದ್ದ ಗೂಡ್ಸ್ ಗಾಡಿ ಕಿರ್ರನೆ ಬ್ರೇಕ್ ಹಾಕಿತು. ಕನ್ನಡಿ ತುಂಬ ಅದರ ಮೂತಿಯೇ. ಹಾರನ್ ಮೇಲೆ ಹಾರನ್. ಪಕ್ಕಕ್ಕೆ ಬಂದ ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ಹೊಸಬ್ರಾ ಸಾರ್? ಯೆಲ್ಲೋಗೆ ಯಾರ್ ನಿಲ್ತಾರೆ?" ಅಂದ. ಅವನ ಮುಖದಲ್ಲಿ ಕೋಪಕ್ಕಿಂತ ಗಾಬರಿ ಜಾಸ್ತಿ ಇತ್ತು. ಮಗ ಅಳೋಕೆ ಶುರು ಮಾಡಿದ. ಮುಂದಿನ ಸಿಗ್ನಲ್ಲಿನಲ್ಲಿ ಹಳದಿ ಬಿದ್ದಾಗ ನಾನು ನಿಲ್ಲಲಿಲ್ಲ.

ಅವತ್ತು ನನಗೆ ಅರ್ಥವಾಯಿತು. ಹಳದಿಗೆ ನಿಲ್ಲುವುದು ಒಬ್ಬನ ಕೈಲಿ ಆಗುವ ಕೆಲಸ ಅಲ್ಲ. ಹಿಂದೆ ಬರುವವನೂ ಒಪ್ಪಬೇಕು. ಅವನೂ ನಾನು ನಿಲ್ಲುತ್ತೇನೆ ಅಂದುಕೊಂಡೇ ಬರುತ್ತಿರಬೇಕು. ರೆಡಿಂಗ್‌ನಲ್ಲಿ ನಾನು ಹಳದಿಗೆ ನಿಂತಾಗ ಹಿಂದಿನವರು ಹಾರನ್ ಹೊಡೆದದ್ದು ಒಂದು ಸಲವೂ ಇಲ್ಲ, ಅವರ ಕಾಲು ನನಗಿಂತ ಮೊದಲೇ ಬ್ರೇಕಿನ ಮೇಲೆ ಇರುತ್ತದೆ.

ದಂಡದ ಹೆದರಿಕೆ ಅನ್ನುತ್ತಾರೆ ಕೆಲವರು. ಸ್ವಲ್ಪ ನಿಜ. ಇಲ್ಲಿ ಕೆಂಪು ದಾಟಿದರೆ ಸಾಮಾನ್ಯವಾಗಿ 100 ಪೌಂಡ್ ದಂಡ, ಜೊತೆಗೆ ಲೈಸೆನ್ಸಿನ ಮೇಲೆ 3 ಪಾಯಿಂಟ್, ಅಂದರೆ ತಪ್ಪಿನ ಗುರುತು. ಜನ ಹೆದರುವುದು ಪಾಯಿಂಟಿಗೆ. ಪಾಸಾದ ಎರಡು ವರ್ಷದೊಳಗೆ 6 ಪಾಯಿಂಟ್ ಆದರೆ ಲೈಸೆನ್ಸ್ ರದ್ದು, ಥಿಯರಿ, ಡ್ರೈವಿಂಗ್ ಎರಡೂ ಪರೀಕ್ಷೆ ಮತ್ತೆ ಕೊಡಬೇಕು. ಬೆಂಗಳೂರಿನಲ್ಲಿ 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟರಲ್ಲ, ಆಗ ನನ್ನ ತಮ್ಮ ಸಾಲಿನಲ್ಲಿ ನಿಂತು ಕಟ್ಟಿ ಬಂದ. ಏಳು ಕೇಸು, ನಾಲ್ಕು ಸಿಗ್ನಲ್ ಜಂಪ್. "ಅರ್ಧ ಉಳೀತು ಅಣ್ಣಾ" ಅಂತ ಫೋನಿನಲ್ಲಿ ಖುಷಿಯಾಗಿ ಹೇಳಿದ. ತಪ್ಪನ್ನು ಸೀರೆ ಅಂಗಡಿಯ ಆಷಾಢದ ಸೇಲಿನ ಹಾಗೆ ಮಾರಿದರೆ ಹಳದಿಗೆ ಯಾರು ನಿಲ್ಲುತ್ತಾರೆ? ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮರುವರ್ಷ ಬೇಸಿಗೆಗೆ ಅಪ್ಪ ಅಮ್ಮ ರೆಡಿಂಗ್‌ಗೆ ಬಂದರು. ಅಪ್ಪ ಮುಂದಿನ ಸೀಟಿನಲ್ಲಿ ಕೂತು ಹಳದಿಯ ಸೆಕೆಂಡ್ ಎಣಿಸುತ್ತಿದ್ದರು. "ಒಂದು, ಎರಡು, ಮೂರು. ಸರಿಯಾಗಿ ಮೂರೇ ಕಣೋ!" ಕೆಂಪು ಹಳದಿ ಒಟ್ಟಿಗೆ ಉರಿಯುವ ಎರಡು ಸೆಕೆಂಡ್ ಅವರಿಗೆ ತುಂಬ ಹಿಡಿಸಿತು. ಗೇರಿಗೆ ಹಾಕೋಕೆ, ಹ್ಯಾಂಡ್‌ಬ್ರೇಕ್ ಬಿಡೋಕೆ ಟೈಮ್ ಕೊಡ್ತಾರೆ, ಹೊರಡೋಕೆ ಅಲ್ಲ, ಎಷ್ಟು ಚೆಂದ ಅಂದರು. ಲಂಡನ್ನಿಗೆ ಹೋದಾಗ ಪಾರ್ಲಿಮೆಂಟಿನ ಹತ್ತಿರ ನಿಂತು, ಇಲ್ಲೇ 1868ರ ಡಿಸೆಂಬರಿನಲ್ಲಿ ಮೊದಲ ಸಿಗ್ನಲ್ ಹಾಕಿದ್ದು ಅಂತ ಹೇಳಿದೆ. ರೈಲ್ವೆ ಇಂಜಿನಿಯರ್ ಮಾಡಿದ ಗ್ಯಾಸ್ ದೀಪ. ಮುಂದಿನ ತಿಂಗಳೇ ಸಿಡಿದು ಅದನ್ನು ನಡೆಸುತ್ತಿದ್ದ ಪೊಲೀಸಿಗೆ ಗಾಯವಾಯಿತು. ಅದರಲ್ಲಿ ಕೆಂಪು, ಹಸಿರು ಎರಡೇ. ಮೂರು ಬಣ್ಣದ ಸಿಗ್ನಲ್ ಬಂದದ್ದು 1920ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ, ವಿಲಿಯಂ ಪಾಟ್ಸ್ ಎಂಬ ಪೊಲೀಸ್ ಅಧಿಕಾರಿಯ ಕೈಯಿಂದ. "ರಸ್ತೆಯಲ್ಲಿ ನಿಂತು ನೋಡಿದವನಿಗೇ ಹಳ್ದಿ ಬೇಕು ಅಂತ ಅನ್ನಿಸಿರೋದು" ಅಂದರು ಅಪ್ಪ.

ಒಂದು ಸಂಜೆ ಅಪ್ಪನ ಜೊತೆ ಅಂಗಡಿಗೆ ಹೋಗಿ ಬರುತ್ತಿದ್ದೆ. ಕೆಂಪು ಬಿತ್ತು. ಗೆರೆಯ ಮೇಲೆ ಮೊದಲ ಗಾಡಿ ನನ್ನದು. ಎಡಕ್ಕೆ ಎತ್ತರದ ಕಟ್ಟೆ, ಬಲಕ್ಕೆ ಇನ್ನೊಂದು ಸಾಲು. ಹಿಂದಿನಿಂದ ಸೈರನ್ ಕೇಳಿಸಿತು. ಕನ್ನಡಿಯಲ್ಲಿ ನೀಲಿ ದೀಪ. ಆಂಬುಲೆನ್ಸ್.

ಇಲ್ಲಿನ ಕಾನೂನು ಸ್ಪಷ್ಟ. ಆಂಬುಲೆನ್ಸಿಗೆ ದಾರಿ ಬಿಡು, ಆದರೆ ಅದಕ್ಕೋಸ್ಕರ ಕೆಂಪು ದಾಟಬೇಡ. ದಾಟಿದರೆ ದಂಡವೂ ಬೀಳಬಹುದು, ಪಾಯಿಂಟೂ ಬೀಳಬಹುದು. ಸ್ಟೀರಿಂಗ್ ಹಿಡಿದು ಕೂತೆ. ಅಂಗೈ ಬೆವರಿತ್ತು. ಹಿಂದಿನ ಡ್ರೈವರ್ ಸೈರನ್ ನಿಲ್ಲಿಸಿದ, ನಮ್ಮ ಮೇಲೆ ಒತ್ತಡ ಬೇಡ ಅಂತ. ಬರೀ ನೀಲಿ ದೀಪ ತಿರುಗುತ್ತಿತ್ತು. ಇಪ್ಪತ್ತು ಸೆಕೆಂಡ್ ಇರಬಹುದು. ಯಾರೂ ಅಲ್ಲಾಡಲಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಇದನ್ನೂ ಬರೆಯಲೇಬೇಕು. ನಮ್ಮೂರಲ್ಲಿ ಆಗಿದ್ದರೆ ಆ ಇಪ್ಪತ್ತು ಸೆಕೆಂಡ್ ಇರುತ್ತಿರಲಿಲ್ಲ. ಪೊಲೀಸ್ ಪೇದೆ ನಡುವೆ ಓಡಿ ಬಂದು ಕೈ ಬೀಸುತ್ತಿದ್ದ. ಬೈಕುಗಳು ಫುಟ್‌ಪಾತ್ ಹತ್ತುತ್ತಿದ್ದವು. ಆಟೋದವನು ಇಳಿದು ಅಡ್ಡ ಬರುವ ಗಾಡಿಗಳನ್ನು ತಡೆಯುತ್ತಿದ್ದ. ಹಳದಿಗೆ ನಿಲ್ಲದ ಅದೇ ಜನ. ಕಷ್ಟದಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡು ದಾರಿ ಮಾಡುವ ಆ ಜಾಣತನ ನಮಗೆ ದೀಪ ಕಲಿಸಿದ್ದಲ್ಲ.

ಹಸಿರು ಬಿತ್ತು. ಎಡಕ್ಕೆ ಸರಿದು ಬಿಟ್ಟೆ, ಆಂಬುಲೆನ್ಸ್ ಮುಂದೆ ಹೋಯಿತು. ಅಪ್ಪ ಮನೆ ಬರುವವರೆಗೂ ಮಾತಾಡಲಿಲ್ಲ. ಕಾರು ನಿಲ್ಲಿಸಿದ ಮೇಲೆ ಸೀಟ್ ಬೆಲ್ಟ್ ಬಿಚ್ಚುತ್ತಾ ಹೇಳಿದರು:

"ನೀನು ಮಾಡಿದ್ದು ರೂಲ್ಸ್ ಪ್ರಕಾರ ಸರಿನೇ ಕಣೋ. ಆದ್ರೆ ನಾನಾಗಿದ್ರೆ ದಾಟ್ತಿದ್ದೆ. ಒಳಗಿದ್ದೋರು ಯಾರೋ ಏನೋ."