ಬಾಂದುಕಲ್ಲಿಲ್ಲದ ಗಡಿ

ಮಲೆನಾಡಿನ ಸಾಗರದಿಂದ ಡಬ್ಲಿನ್‌ಗೆ ಬಂದಿಳಿದ ನಮ್ಮ ತಂದೆಯವರು 34 ವರ್ಷ ಭೂಮಾಪನ ಇಲಾಖೆಯಲ್ಲಿ ಸರಪಳಿ ಹಿಡಿದವರು. ಹೀಗಾಗಿ ನಾನು ಐರ್ಲೆಂಡಿನ ಪ್ರೇಕ್ಷಣೀಯ ಸ್ಥಳಗಳ ಪಟ್ಟಿಯನ್ನು ಮುಂದಿಟ್ಟಾಗ ಅವರು ಕೇಳಿದ್ದು ಕೋಟೆಗಳನ್ನಲ್ಲ, 214 ಮೀಟರ್ ಎತ್ತರದ ಮೊಹೆರ್ ಕಡಲಬಂಡೆಗಳನ್ನೂ ಅಲ್ಲ. ಒಂದೇ ದ್ವೀಪದಲ್ಲಿ ಎರಡು ದೇಶಗಳಿವೆಯಂತಲ್ಲ, ಅವುಗಳ ಹದ್ದುಬಸ್ತು ಹೇಗೆ ಮಾಡಿದ್ದಾರೆ ತೋರಿಸು ಎಂದರು.

ತೋರಿಸುವುದಕ್ಕೆ ಅಲ್ಲಿ ಏನಾದರೂ ಇರಬೇಕಲ್ಲ. 1921ರಲ್ಲಿ ದ್ವೀಪ ಪಾಲಾಗಿ, ಉತ್ತರದ ತುಂಡು ಬ್ರಿಟನ್ನಿಗೆ ಉಳಿದು ಮಿಕ್ಕದ್ದು ಇಂದಿನ ಐರ್ಲೆಂಡ್ ದೇಶವಾದಾಗ ಹುಟ್ಟಿದ, ಸುಮಾರು 500 ಕಿಲೋಮೀಟರ್ ಉದ್ದದ ಈ ಗಡಿಗೆ ಬೇಲಿಯಿಲ್ಲ, ಗೇಟಿಲ್ಲ, ಬೀಡಿ ಸೇದುತ್ತ ಕೂರುವ ಕಾವಲುಗಾರನೂ ಇಲ್ಲ. ಉತ್ತರದ ದಶಕಗಳ ಹಿಂಸಾಚಾರಕ್ಕೆ ತೆರೆ ಎಳೆದ 1998ರ ಗುಡ್‌ಫ್ರೈಡೆ ಒಪ್ಪಂದದ ನಂತರ ಸೈನ್ಯದ ಕಾವಲುಗೋಪುರಗಳನ್ನೂ ಕಳಚಿದರು. ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟು ಹೊರಡುವ ಬ್ರೆಕ್ಸಿಟ್ ಬಂದಾಗ ಈ ಗೆರೆಯ ಮೇಲೆ ಒಂದು ಕಂಬವನ್ನೂ ನೆಡಕೂಡದೆಂದು ಯುರೋಪಿನ ಘಟಾನುಘಟಿಗಳೆಲ್ಲ ವರ್ಷಗಟ್ಟಲೆ ಕುಳಿತು ತಲೆ ಕೆಡಿಸಿಕೊಂಡು, ಕೊನೆಗೆ ಸರಕಿನ ತಪಾಸಣೆಯನ್ನು ಬ್ರಿಟನ್ನಿಗೂ ಈ ದ್ವೀಪಕ್ಕೂ ನಡುವಿನ ಸಮುದ್ರದ ಪಾಲಿಗೆ ಬಿಟ್ಟರು. ಉತ್ತರದ ಹಸುವಿನ ಹಾಲು ಇಂದಿಗೂ ಯಾರನ್ನೂ ಕೇಳದೆ ದಕ್ಷಿಣದ ಡೇರಿಗೆ ಬರುತ್ತದೆ. ಇಷ್ಟು ಉದಾರವಾದ ಗಡಿಗೂ ಮರ್ಯಾದೆ ಎಂಬುದೊಂದು ಇರಬೇಕಲ್ಲವೇ? ಅದನ್ನು ಕಾಪಾಡುವ ಹೊಣೆಯನ್ನು ಭಾರತದ ಪಾಸ್‌ಪೋರ್ಟು ಹೊಂದಿದ ನಮ್ಮಂಥವರಿಗೆ ವಹಿಸಲಾಗಿದೆ.

ವಹಿಸಿರುವ ರೀತಿಯಂತೂ ಇನ್ನೂ ಸೊಗಸಾಗಿದೆ. ಭಾರತದಿಂದ ಪ್ರವಾಸಕ್ಕೆ ಬರುವವರ ಅನುಕೂಲಕ್ಕಾಗಿ 2015ರಲ್ಲಿ ಐರ್ಲೆಂಡ್ ಮತ್ತು ಬ್ರಿಟನ್ ಸರ್ಕಾರಗಳು ಸೇರಿ ಒಂದು ವ್ಯವಸ್ಥೆ ಮಾಡಿದವು. ಅದರಂತೆ ಐರ್ಲೆಂಡಿನ ವೀಸಾದ ಮೇಲೆ ಬಿ.ಐ.ವಿ.ಎಸ್. (ಬ್ರಿಟಿಷ್ ಐರಿಷ್ ವೀಸಾ ಸ್ಕೀಮ್) ಎಂಬ ನಾಲ್ಕು ಅಕ್ಷರಗಳಿದ್ದರೆ, ಮೊದಲು ಐರ್ಲೆಂಡಿಗೆ ಬಂದಿಳಿದವರು ಅದೇ ವೀಸಾದಲ್ಲಿ ಬ್ರಿಟನ್ನನ್ನೂ ಸುತ್ತಬಹುದು. ಮೊನ್ನೆ ಬಂದ ಅಪ್ಪ ಅಮ್ಮನ ವೀಸಾಗಳಲ್ಲಿ ಆ ಅಕ್ಷರಗಳಿವೆ. ಇಲ್ಲಿಯೇ ಹುಟ್ಟಿದ ಆರು ವರ್ಷದ ಮಗಳು ಐರಿಷ್ ಪ್ರಜೆಯಾದ್ದರಿಂದ ಅವಳಿಗೆ ಏನೂ ಬೇಡ. ಹತ್ತು ವರ್ಷದಿಂದ ಇಲ್ಲಿ ನೆಲೆಸಿ, ತೆರಿಗೆ ಕಟ್ಟಿ, ಕಸವನ್ನು ಮೂರು ಬಣ್ಣದ ತೊಟ್ಟಿಗಳಲ್ಲಿ ವಿಂಗಡಿಸಿ ಹಾಕುತ್ತ, ಭಾರತದ ಪಾಸ್‌ಪೋರ್ಟು ಬಿಡಲು ಮನಸ್ಸು ಬಾರದೆ ಉಳಿದುಕೊಂಡಿರುವ ನಾನು ಮತ್ತು ನನ್ನ ಹೆಂಡತಿ ಮಾತ್ರ ಆ ಗೆರೆ ದಾಟಬೇಕಾದರೆ ಬ್ರಿಟನ್ನಿನ ವೀಸಾವನ್ನು ಪ್ರತ್ಯೇಕವಾಗಿ ಪಡೆಯಬೇಕು. ಹತ್ತೂ ಬೆರಳಿನ ಅಚ್ಚು ಕೊಟ್ಟು, ಯುದ್ಧಾಪರಾಧಗಳಲ್ಲಿ ಭಾಗವಹಿಸಿದ್ದೀರಾ ಎಂಬ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬೇಕು. ಅಂದರೆ ನಮ್ಮ ಮನೆಯಲ್ಲಿ ದಾರಿ ಗೊತ್ತಿಲ್ಲದವರು, ಇಂಗ್ಲಿಷ್ ಅರ್ಥವಾಗದವರು ಮತ್ತು ಹಾಲುಹಲ್ಲು ಬೀಳುತ್ತಿರುವವರು ಹೋಗಬಹುದು. ಕಾರು ಓಡಿಸಬಲ್ಲವರು ಹೋಗುವಂತಿಲ್ಲ.

ಹೋಗಲಿ, ದೂರದಿಂದಲಾದರೂ ತೋರಿಸೋಣವೆಂದು ಎಲ್ಲರನ್ನೂ ಗಡಿಯಂಚಿನ ಕಾರ್ಲಿಂಗ್‌ಫರ್ಡ್‌ಗೆ ಕರೆದೊಯ್ದು, ಊರಿನ ಬೆನ್ನಿಗಿರುವ 588 ಮೀಟರಿನ ಸ್ಲೀವ್ ಫಾಯ್ ಬೆಟ್ಟವನ್ನು ಹತ್ತತೊಡಗಿದೆವು. ಅಮ್ಮ ಅರ್ಧ ದಾರಿಯಲ್ಲಿ ಒಂದು ಬಂಡೆಯ ಮೇಲೆ ಕುಳಿತು ಚಕ್ಕುಲಿ ಡಬ್ಬಿ ತೆರೆದರು. ಕೆಳಗೆ ಕೊಲ್ಲಿಯ ನೀರು, ಆಚೆ ದಡದಲ್ಲಿ ಮೋರ್ನ್ ಪರ್ವತಗಳು. ಆ ಬೆಟ್ಟ ಬೇರೆ ದೇಶದ್ದು ಎಂದೆ. ಅಪ್ಪ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿ, "ಬಾಂದುಕಲ್ಲೇ ಕಾಣೋದಿಲ್ಲವಲ್ಲೋ" ಎಂದರು. ಅಷ್ಟರಲ್ಲಿ ನನ್ನ ಜೇಬಿನ ಫೋನು ಗುಂಯ್‌ಗುಟ್ಟಿ, ಬ್ರಿಟನ್ನಿಗೆ ಸ್ವಾಗತವೆಂದು ಸಂದೇಶ ತೋರಿಸಿತು. ಆಚೆ ದಡದ ಟವರಿಗೆ ಅದು ನನ್ನನ್ನು ಕೇಳದೆಯೇ ಹೋಗಿ ಸೇರಿಕೊಂಡಿತ್ತು. ಫೋನಿಗೆ ಬೆರಳಚ್ಚು ಬೇಕಿರಲಿಲ್ಲ.

ಇದು ಸುಲಭದ ಜಾಗ, ನಡುವೆ ನೀರಾದರೂ ಇದೆ. 665 ಮೀಟರಿನ ಕುಲ್ಕಾ ಬೆಟ್ಟದ ನೆತ್ತಿಯ ಮೇಲೆಯೇ ಗಡಿ ಹಾದುಹೋಗುವುದರಿಂದ, ಅಲ್ಲಿ ಕಾಲಗಲಿಸಿ ನಿಂತು ಫೋಟೋ ತೆಗೆಸಿಕೊಳ್ಳುವ ನನ್ನಂಥವನ ಒಂದು ಕಾಲು ಕಾನೂನುಬದ್ಧವಾಗಿಯೂ ಇನ್ನೊಂದು ಅಕ್ರಮವಾಗಿಯೂ ಇರುತ್ತದೆ. ದಕ್ಷಿಣದ್ದೇ ಎರಡು ಊರುಗಳಾದ ಕ್ಲೋನಿಸ್‌ನಿಂದ ಕ್ಯಾವನ್‌ಗೆ ಹೋಗುವ ಹೆದ್ದಾರಿಯಂತೂ ಸುಮಾರು 10 ಕಿಲೋಮೀಟರಿನೊಳಗೆ ನಾಲ್ಕು ಸಲ ಗಡಿ ದಾಟುತ್ತದೆ. ಸಂತೆಗೆ ಹೊರಟ ನನ್ನಂಥ ಮನುಷ್ಯ ಮೂರನೆಯ ಗೇರು ಬದಲಿಸುವಷ್ಟರಲ್ಲಿ ಅಪರಾಧಿಯಾಗಿ, ನಾಲ್ಕನೆಯದಕ್ಕೆ ಸಭ್ಯನಾಗಿ, ಮುಂದಿನ ತಿರುವಿನಲ್ಲಿ ಮತ್ತೆ ಅಪರಾಧಿಯಾಗಿ, ಬೆಣ್ಣೆ ಕರಗುವ ಮೊದಲೇ ಸಭ್ಯನಾಗಿ ಮನೆ ಸೇರುತ್ತಾನೆ. ಯಾರೂ ತಡೆಯುವುದಿಲ್ಲ, ಆದರೆ ಎಲ್ಲಾದರೊಮ್ಮೆ ಬಸ್ಸು ಹತ್ತುವ ಪೊಲೀಸರು ಕಾಗದಪತ್ರ ಕೇಳುವುದುಂಟು. ಕಾನೂನು ಇಲ್ಲಿ ಮಲೆನಾಡಿನ ಕಾಡುಹಂದಿಯ ಹಾಗೆ, ದಿನವೂ ಕಾಣಿಸಿಕೊಳ್ಳುವುದಿಲ್ಲವೆಂದು ಇಲ್ಲವೆನ್ನಲಾಗದು.

ಕೊನೆಗೆ ಉತ್ತರದ ಕಡಲತೀರದಲ್ಲಿರುವ ಜೈಂಟ್ಸ್ ಕಾಸ್‌ವೇ ನೋಡಲು ಡಬ್ಲಿನ್‌ನಿಂದ ಹೊರಡುವ ಪ್ರವಾಸಿ ಬಸ್ಸಿಗೆ ಮೂರು ಟಿಕೆಟ್ ತೆಗೆದೆ. ಸುಮಾರು 40,000 ಬಸಾಲ್ಟ್ ಕಂಬಗಳು ಸಮುದ್ರದೊಳಕ್ಕೆ ಮೆಟ್ಟಿಲಿಳಿದಂತಿರುವ ಆ ಜಾಗಕ್ಕೆ ಒಂದು ಕಥೆಯಿದೆ. ಫಿನ್ ಮೆಕೂಲ್ ಎಂಬ ದೈತ್ಯ ಸ್ಕಾಟ್ಲೆಂಡಿನ ದೈತ್ಯನೊಡನೆ ಕಾದಾಡಲು ಈ ಸೇತುವೆ ಕಟ್ಟಿದನಂತೆ. ಎದುರಾಳಿ ತನಗಿಂತ ದೊಡ್ಡವನೆಂದು ತಿಳಿದಾಗ ಹೆಂಡತಿ ಅವನಿಗೆ ಮಗುವಿನ ವೇಷ ಹಾಕಿ ತೊಟ್ಟಿಲಲ್ಲಿ ಮಲಗಿಸಿದಳಂತೆ. ಇದನ್ನು ಜನ ಹೇಡಿತನವೆಂದು ನಗುತ್ತಾರೆ. ನಮ್ಮ ಮನೆಯಲ್ಲಿ ಪೂರ್ಣ ಅಧಿಕಾರದೊಡನೆ ಗಡಿ ದಾಟಬಲ್ಲ ಏಕೈಕ ವ್ಯಕ್ತಿ ಮಗುವೇ ಆಗಿರುವುದನ್ನು ಕಂಡ ನನಗೆ, ಆ ಹೆಂಗಸಿಗೆ ವಲಸೆ ಕಾನೂನಿನ ಆಳವಾದ ಜ್ಞಾನವಿತ್ತೆಂದೇ ತೋರುತ್ತದೆ.

ಬೆಳಗಿನ ಜಾವ ಮೊಮ್ಮಗಳು ಅಜ್ಜ ಅಜ್ಜಿಯರ ಪಾಸ್‌ಪೋರ್ಟುಗಳನ್ನೂ ತನ್ನದನ್ನೂ ಗುಲಾಬಿ ಬಣ್ಣದ ಚೀಲದಲ್ಲಿಟ್ಟುಕೊಂಡು, ನಿಯೋಗದ ಮುಖ್ಯಸ್ಥೆಯಂತೆ ಬಸ್ಸು ಹತ್ತಿದಳು. ಮಧ್ಯಾಹ್ನ ಅಪ್ಪ ಫೋನು ಮಾಡಿ, ಮಲ್ಪೆಯ ಆಚೆ ಸೇಂಟ್ ಮೇರೀಸ್ ದ್ವೀಪದಲ್ಲಿಯೂ ಇಂಥವೇ ಕಲ್ಲುಕಂಬಗಳಿವೆ, ಅಲ್ಲಿಗೆ ದೋಣಿಯವನಿಗೆ ದುಡ್ಡು ಕೊಟ್ಟರೆ ಸಾಕು ಎಂದರು. ಆಮೇಲೆ ದನಿ ತಗ್ಗಿಸಿದರು.

"ಗಡಿ ಸಿಕ್ತು ಕಣೋ. ಅಲ್ಲೀವರೆಗೆ ರಸ್ತೆಯ ಅಂಚಿನ ಗೆರೆ ಹಳದಿ ಇತ್ತು, ಅಲ್ಲಿಂದ ಬಿಳಿ ಆಯ್ತು. ಅಷ್ಟೇ. ಒಂದು ಡಬ್ಬಿ ಹಳದಿ ಬಣ್ಣ ಹಿಡಿದುಕೊಂಡು ಬಂದಿದ್ದರೆ ಬಳಿದುಕೊಂಡೇ ನಿಮ್ಮಿಬ್ಬರನ್ನೂ ಇಲ್ಲೀತನಕ ತರಬಹುದಿತ್ತು."