ಮಳೆಗಾಲದಲ್ಲಿ ದಡಕ್ಕೆ ಬಿದ್ದ ಕಡಲಹಕ್ಕಿಯನ್ನು ತಿರುಗಿ ನೀರಿಗೆ ಎಸೆಯಬೇಡಿ ಮಾರ್ರೆ

ಜೂನ್ ಬಂತೆಂದರೆ ಮಲ್ಪೆ, ಕಾಪು, ಸುರತ್ಕಲ್, ಪಣಂಬೂರು, ಸೋಮೇಶ್ವರ, ಎಲ್ಲಿಯಾದರೂ ಒಂದು ಕಡೆ ಹೊಯ್ಗೆಯ ಮೇಲೆ ಗುರುತಿಲ್ಲದ ದೊಡ್ಡ ಹಕ್ಕಿಯೊಂದು ಕೂತಿರುತ್ತದೆ. ಸುತ್ತ ಜನ, ಮೊಬೈಲು, ಎರಡು ನಾಯಿ. ಕೊನೆಗೆ ಒಬ್ಬರು ಪುಣ್ಯದ ಕೆಲಸವೆಂದು ಅದನ್ನೆತ್ತಿ ತೆರೆಗೆ ಎಸೆಯುತ್ತಾರೆ. ಚಪ್ಪಾಳೆ ಬೀಳುತ್ತದೆ. ಆಮೇಲೆ ಹಕ್ಕಿ ನೆನೆದು ಮುಳುಗುವುದು ಮಾತ್ರ ರೀಲ್ಸಿನಲ್ಲಿ ಬರುವುದಿಲ್ಲ.

ಈ ಹಕ್ಕಿಗಳು ಮೊಟ್ಟೆ ಇಡಲು ಬಿಟ್ಟರೆ ನೆಲಕ್ಕೆ ಬರುವವಲ್ಲ. ನಮ್ಮ ದಡದಲ್ಲಿ ಕೂತಿದೆ ಎಂದರೆ ಕಡಲಲ್ಲಿ ಇರಲು ಆಗಲಿಲ್ಲ ಎಂದೇ ಅರ್ಥ. ವಾರಗಟ್ಟಲೆ ಗಾಳಿಮಳೆ ಹೊಡೆದು ಹೊಟ್ಟೆಗೆ ಸಿಗದೆ ಸೊರಗಿರುತ್ತದೆ. ಗರಿಯ ನೀರು ತಡೆಯುವ ಗುಣವೂ ಹೋಗಿರುತ್ತದೆ.

ಹೀಗೆ ಬೀಳುವವುಗಳಲ್ಲಿ ಫ್ಲೆಶ್-ಫೂಟೆಡ್ ಶಿಯರ್‌ವಾಟರ್ ಬಗ್ಗೆ ತಿಳಿದಿರಬೇಕು. ಪೂರ್ತಿ ಕಪ್ಪುಗಂದು ಮೈ, ತುದಿ ಮಾತ್ರ ಕಪ್ಪಾಗಿರುವ ತಿಳಿ ಬಣ್ಣದ ಕೊಕ್ಕು, ನಸುಗೆಂಪು ಕಾಲು, ರೆಕ್ಕೆ ಬಿಚ್ಚಿದರೆ ಒಂದು ಮೀಟರಿಗೂ ಹೆಚ್ಚು. ಅಳಿವಿನ ಭಯವಿರುವ ಜೀವಿಗಳ ಲೆಕ್ಕವಿಡುವ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಇದು ಅಪಾಯದ ಅಂಚಿಗೆ ಬಂದಿರುವ (ನಿಯರ್ ಥ್ರೆಟನ್ಡ್) ಹಕ್ಕಿ. ವರ್ಷಕ್ಕೆ ಒಂದೇ ಮೊಟ್ಟೆ, ಅದೂ ನೆಲದೊಳಗಿನ ಬಿಲದಲ್ಲಿ. ಪಶ್ಚಿಮ ಆಸ್ಟ್ರೇಲಿಯಾದ ದ್ವೀಪಗಳಲ್ಲಿ ಮರಿ ಮಾಡಿದವು ಮೇ ಹೊತ್ತಿಗೆ ಹೊರಟು ಅರಬ್ಬೀ ಸಮುದ್ರಕ್ಕೆ ಬರುತ್ತವೆ. ಮುಂಗಾರಿನಲ್ಲಿ ನಮ್ಮ ಕರಾವಳಿಯಲ್ಲಿ ಆಳದ ತಣ್ಣನೆಯ ನೀರು ಮೇಲೆ ಬಂದು ಬೂತಾಯಿ, ಬಂಗುಡೆಗೆ ಮೇವಾಗುತ್ತದಲ್ಲ, ಇವಕ್ಕೂ ಅದೇ ಊಟದ ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಹಾಗಾಗಿ ಆಳಕಡಲಲ್ಲಿ ಇವನ್ನು ನೋಡುವವರೂ ಕಡಿಮೆ. ದಡಕ್ಕೆ ಬಿದ್ದಾಗಲೇ ನಮಗೆ ಪರಿಚಯ.

ಇವಕ್ಕೆ ದೊಡ್ಡ ಶತ್ರು ಲಾಂಗ್‌ಲೈನ್, ಅಂದರೆ ಉದ್ದನೆಯ ಹಗ್ಗಕ್ಕೆ ಸಾಲಾಗಿ ಕಟ್ಟಿದ ಗಾಳ. ಗಾಳಕ್ಕೆ ಸಿಕ್ಕಿಸಿದ ಮೀನನ್ನು ಹಿಡಿಯಲು ಧುಮುಕಿ ಅದರ ಜತೆಗೇ ಮುಳುಗುತ್ತವೆ. ರಾತ್ರಿ ಹೊತ್ತು ಗಾಳ ಬಿಡುವುದು, ಬೇಗ ತಳಕ್ಕಿಳಿಯುವಂತೆ ಭಾರ ಕಟ್ಟುವುದು, ಹಕ್ಕಿ ಬೆದರುವಂತೆ ದೋಣಿಯ ಹಿಂದೆ ಪಟ್ಟಿ ನೇತಾಡುವ ಹಗ್ಗ ಎಳೆಯುವುದು, ಈ ಮೂರನ್ನೂ ಸೇರಿಸಿ ಮಾಡಿದರೆ ಸಾವು ಬಹಳ ಇಳಿಯುತ್ತದೆ. ಇನ್ನೊಂದು ಶತ್ರು ಪ್ಲಾಸ್ಟಿಕ್. ಆಸ್ಟ್ರೇಲಿಯಾದ ಪೂರ್ವಕ್ಕಿರುವ ಲಾರ್ಡ್ ಹೋವ್ ದ್ವೀಪದಲ್ಲಿ ಒಂದೇ ಮರಿಯ ಹೊಟ್ಟೆಯಲ್ಲಿ 276 ಚೂರು ಸಿಕ್ಕಿದ್ದುಂಟು. ಪ್ಲಾಸ್ಟಿಕ್ ಉಜ್ಜಿ ಉಜ್ಜಿ ಹೊಟ್ಟೆಯ ಒಳಪದರ ಗಾಯದ ಕಲೆಯಾಗಿ ಗಟ್ಟಿಯಾಗುವ ಕಾಯಿಲೆಗೆ 2023ರಲ್ಲಿ ಪ್ಲಾಸ್ಟಿಕೋಸಿಸ್ ಎಂದು ಹೆಸರಿಟ್ಟದ್ದು ಇದೇ ದ್ವೀಪದ ಹಕ್ಕಿಗಳನ್ನು ನೋಡಿ. ಅವು ಹೋಗುವುದು ಜಪಾನಿನ ಕಡೆಗೆ, ನಮ್ಮಲ್ಲಿಗಲ್ಲ. ಆದರೆ ನಮ್ಮ ಹೊಳೆಬಾಗಿಲುಗಳಿಂದ ಮಳೆನೀರಿನ ಜೊತೆ ಏನೇನು ಕಡಲಿಗಿಳಿಯುತ್ತದೆ ಎಂದು ಗೊತ್ತಿರುವವರಿಗೆ ಹೆಚ್ಚು ಹೇಳಬೇಕಿಲ್ಲ.

ಈಗ ದಡದ ವಿಷಯ. ಮೊದಲು ಜನರನ್ನೂ ನಾಯಿಗಳನ್ನೂ ದೂರ ಕಳಿಸಿ. ಹಕ್ಕಿಜ್ವರದ ಕಾಲ ಇದು, ಕೈಗವಸು, ಮಾಸ್ಕ್ ಹಾಕಿ. ಒಣ ಬೈರಾಸನ್ನು ತಲೆ ಸೇರಿಸಿ ಹೊದಿಸಿ, ಎರಡೂ ರೆಕ್ಕೆ ಮೈಗೆ ಒತ್ತಿಕೊಳ್ಳುವಂತೆ ಎತ್ತಿ. ಮುಖದ ಹತ್ತಿರ ತರಬೇಡಿ, ಕೊಕ್ಕು ನೇರ ಕಣ್ಣಿಗೇ ಬರುತ್ತದೆ. ಹಾಗೆಂದು ಕೊಕ್ಕಿಗೆ ಟೇಪು, ರಬ್ಬರ್ ಬ್ಯಾಂಡ್ ಹಾಕಲೇಬಾರದು. ಬಿಳಿ ಮೈ, ರೆಕ್ಕೆಯ ಹಿಂಬದಿ ಕಪ್ಪಾಗಿರುವ ಮಾಸ್ಕ್ಡ್ ಬೂಬಿ ಎಂಬ ಕಡಲಹಕ್ಕಿ ಕೂಡ ನಮ್ಮಲ್ಲಿ ಬೀಳುತ್ತದೆ. ಬೂಬಿಗಳಿಗೆ ಹೊರಗೆ ಮೂಗಿನ ಹೊಳ್ಳೆಯೇ ಇಲ್ಲ, ಬಾಯಿಯಿಂದಲೇ ಉಸಿರು. ಕೊಕ್ಕು ಕಟ್ಟಿದರೆ ನಿಮ್ಮ ಕೈಯಲ್ಲೇ ಸಾಯುತ್ತದೆ.

ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆಯನ್ನು ನಾಲ್ಕು ಮಡಿಕೆ ಹಾಸಿ ಕೂರಿಸಿ. ಬೂಬಿಯಾದರೆ ಮುಕ್ಕಾಲು ಮೀಟರಿಗೂ ಉದ್ದ, ದೊಡ್ಡ ಪೆಟ್ಟಿಗೆಯೇ ಬೇಕು. ನೀರಿನ ಮೇಲೆ ತೇಲುವ ಮೈ ಗಟ್ಟಿ ನೆಲದಲ್ಲಿ ಕೂತರೆ ಎದೆಮೂಳೆಯ ಮೇಲೆ ಹುಣ್ಣಾಗುತ್ತದೆ, ಆಮೇಲೆ ಅದು ವಾಸಿಯಾಗುವುದು ಕಷ್ಟ. ಕತ್ತಲೆ, ಬೆಚ್ಚಗೆ, ಸದ್ದಿಲ್ಲದ ಜಾಗ. ಒಂದು ಪೆಟ್ಟಿಗೆಗೆ ಒಂದೇ ಹಕ್ಕಿ.

ಬೂತಾಯಿ ತಿನ್ನಿಸಬೇಡಿ. ಮನೆಯಲ್ಲಿ ಮೀನಿದೆ, ಹಕ್ಕಿ ಹಸಿದಿದೆ, ಮನಸ್ಸು ಕೇಳುವುದಿಲ್ಲ, ಗೊತ್ತು. ಆದರೆ ಮೈ ತಣ್ಣಗಾಗಿ ನೀರಿನಂಶ ಬತ್ತಿದ ಹಕ್ಕಿಗೆ ಜೀರ್ಣಶಕ್ತಿ ನಿಂತೇ ಹೋಗಿರುತ್ತದೆ. ಬಾಯಿಗೆ ನೀರು ಸುರಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೊದಲು ಬೆಚ್ಚಗಾಗಬೇಕು, ನಂತರ ಪಶುವೈದ್ಯರು ಕೊಳವೆಯಲ್ಲಿ ಬೆಚ್ಚನೆಯ ದ್ರವ ಕೊಡುತ್ತಾರೆ, ಮೀನು ಆಮೇಲೆ. ಡಾಂಬರು ಮೆತ್ತಿದ್ದರೂ ನೀವೇ ಸೋಪು ಹಾಕಿ ತೊಳೆಯಬೇಡಿ, ಚೇತರಿಸಿಕೊಳ್ಳುವ ಮೊದಲೇ ತೊಳೆದರೆ ಆ ಆಘಾತವನ್ನೇ ತಡೆಯುವುದಿಲ್ಲ.

ಇನ್ನೆರಡು ಗೊಂದಲ. ಶಿಯರ್‌ವಾಟರಿನ ಕಾಲು ಮೈಯ ತೀರಾ ಹಿಂದಿರುತ್ತದೆ, ನೆಲದಲ್ಲಿ ಎದೆಯೂರಿ ತೆವಳುವುದೇ ಅದರ ನಡಿಗೆ. ಕಾಲು ಮುರಿದಿದೆ ಎಂದು ಕಡ್ಡಿ ಕಟ್ಟಬೇಡಿ. ಮೂಗಿನಿಂದ ನೀರು ಸೋರಿದರೆ ಶೀತವಲ್ಲ, ಕಣ್ಣಿನ ಮೇಲ್ಭಾಗದ ಗ್ರಂಥಿ ಮೈಯ ಉಪ್ಪನ್ನು ಹೊರಹಾಕುವುದು ಹಾಗೆಯೇ.

ಕೂಡಲೇ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಸಾಕುವ ಆಸೆ ಬೇಡ, ಸಿಕ್ಕಿದ ವನ್ಯಜೀವಿಯ ಬಗ್ಗೆ 48 ಗಂಟೆಯೊಳಗೆ ತಿಳಿಸಬೇಕೆಂದು 1972ರ ವನ್ಯಜೀವಿ ಕಾಯ್ದೆಯೇ ಹೇಳುತ್ತದೆ. ಬಿಡುಗಡೆ ಯಾವಾಗ ಎಂಬುದು ವೈದ್ಯರ ತೀರ್ಮಾನ: ಎದೆಮೂಳೆಯ ಎರಡೂ ಬದಿ ಮಾಂಸ ತುಂಬಿರಬೇಕು, ತೊಟ್ಟಿಯಲ್ಲಿ ಗಂಟೆಗಟ್ಟಲೆ ತೇಲಿದರೂ ಒಳಗರಿ ಒಣಗಿಯೇ ಇರಬೇಕು. ಬಿಡುವುದು ದಡದಿಂದಲ್ಲ, ತೆರೆ ಒಡೆಯುವ ಜಾಗ ದಾಟಿ, ಕಡಲು ಸ್ವಲ್ಪ ತಗ್ಗಿದ ದಿನ ಬೆಳಿಗ್ಗೆ ದೋಣಿಯಿಂದ. ನಾಡದೋಣಿಯವರು ಒಪ್ಪಿದರೆ ಅದಕ್ಕಿಂತ ಒಳ್ಳೆಯದಿಲ್ಲ.

ಸತ್ತು ಬಿದ್ದದ್ದಾದರೆ ಬರಿಗೈಯಲ್ಲಿ ಮುಟ್ಟದೆ ಕೊಕ್ಕು, ಕಾಲು, ರೆಕ್ಕೆಯ ಅಡಿಭಾಗದ ಫೋಟೋ ತೆಗೆಯಿರಿ, ಅಳತೆಗೆ ಪಕ್ಕದಲ್ಲಿ ಪೆನ್ನಿಡಿ. ಕಾಲಿನಲ್ಲಿ ಲೋಹದ ಉಂಗುರವಿದ್ದರೆ ಅದರ ಅಕ್ಷರ, ಅಂಕಿ ಎಲ್ಲವೂ ಸ್ಪಷ್ಟ ಕಾಣಬೇಕು. ಜಾಗ, ತಾರೀಕು ಸೇರಿಸಿ, ಹಕ್ಕಿ ಕಂಡದ್ದನ್ನು ಯಾರೂ ದಾಖಲಿಸಬಹುದಾದ ಇ-ಬರ್ಡ್ ಜಾಲತಾಣಕ್ಕೆ ಹಾಕಿ.